ವಿಟ್ಬಿಯಲ್ಲಿ ಒಂದೇ ದಿನ ಇರೋದಾದರೆ ಏನೇನು ನೋಡಬೇಕು?

ಓದುಗರ ಪ್ರಶ್ನೆ: ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಈ ಜೂನ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಒಂದು ದಿನ ವಿಟ್ಬಿ ಅನ್ನೋ ಸಮುದ್ರದ ಊರಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿ ನೋಡಲೇಬೇಕಾದ್ದು ಏನು? ನನಗೆ ಮಂಡಿ ನೋವಿದೆ. ಆ 199 ಮೆಟ್ಟಿಲು ಹತ್ತಲೇಬೇಕಾ?

ಉತ್ತರ: ಹತ್ತಲೇಬೇಕು ಅಂತೇನೂ ಇಲ್ಲ. ಮಂಡಿ ನೋವಿನವರಿಗೂ ಮೇಲೆ ಹೋಗಲು ದಾರಿ ಇದೆ, ಹೇಳುತ್ತೇನೆ. ಆದರೆ ಮೆಟ್ಟಿಲಿಗಿಂತ ಮೊದಲು ನೋಡಬೇಕಾದ್ದು ಸಮುದ್ರದ ಇಳಿತದ ಹೊತ್ತು. ಇದನ್ನು ಕೇಳಿಕೊಳ್ಳದೆ ಹೋದರೆ ಕೆಲವೊಮ್ಮೆ ಮರಳೇ ಕಾಣುವುದಿಲ್ಲ, ಗೋಡೆಯವರೆಗೂ ನೀರು ಬಂದಿರುತ್ತದೆ. ಅಲ್ಲಿ ನೀರು ನಾಲ್ಕೈದು ಮೀಟರ್ ಏರಿ ಇಳಿಯುತ್ತದೆ. ಮಂಗಳೂರು, ಕಾರವಾರದ ಕಡಲು ನೋಡಿ ಅಭ್ಯಾಸ ಇರುವವರಿಗೆ ಇದು ನಂಬೋಕೆ ಕಷ್ಟ. ಹಾಗಾಗಿ ಹಿಂದಿನ ರಾತ್ರಿಯೇ ಮಗಳ ಹತ್ತಿರ ಫೋನ್‌ನಲ್ಲಿ ಇಳಿತದ ಹೊತ್ತು ನೋಡಿಸಿ. ಬೆಳಗ್ಗೆ ಇಳಿತ ಇದ್ದರೆ ಮೊದಲು ಮರಳಿಗೆ ಹೋಗಿ, ಆಮೇಲೆ ಗುಡ್ಡಕ್ಕೆ. ಮಧ್ಯಾಹ್ನ ಇದ್ದರೆ ಉಲ್ಟಾ ಮಾಡಿ.

ಊರಿನ ನಕ್ಷೆ ಸುಲಭ. ಎಸ್ಕ್ ಅನ್ನುವ ಸಣ್ಣ ನದಿ ಊರನ್ನು ಎರಡು ಮಾಡಿ ಉತ್ತರ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಹಳೆ ಊರು. ಇಕ್ಕಟ್ಟಾದ ಓಣಿಗಳು, ಕೆಂಪು ಹೆಂಚಿನ ಮನೆಗಳು, ಮೇಲೆ ಗುಡ್ಡದಲ್ಲಿ ಹಳೆ ಚರ್ಚು, ಪಾಳುಬಿದ್ದ ಮಠ. ಪಶ್ಚಿಮಕ್ಕೆ ವಿಕ್ಟೋರಿಯಾ ರಾಣಿ ಕಾಲದ ಹೋಟೆಲ್‌ಗಳು, ಉದ್ದನೆಯ ಬೀಚು. ನಡುವೆ ಒಂದು ತಿರುಗುವ ಸೇತುವೆ. ಎತ್ತರದ ದೋಣಿ ಬಂದರೆ ಗಂಟೆ ಬಾರಿಸಿ ಜನರನ್ನು ನಿಲ್ಲಿಸುತ್ತಾರೆ. ಸೇತುವೆಯ ಎರಡು ಭಾಗ ಬಾಗಿಲಿನ ಹಾಗೆ ಪಕ್ಕಕ್ಕೆ ಸರಿಯುತ್ತವೆ, ದೋಣಿ ದಾಟಿ ಹೋಗುತ್ತದೆ. ಇದು ಕಣ್ಣಿಗೆ ಬಿದ್ದರೆ ಅವಸರ ಮಾಡಬೇಡಿ, ನಿಂತು ನೋಡಿ.

ಈಗ ಮರಳಿನ ವಿಷಯ. ನನ್ನನ್ನು ಕೇಳಿದರೆ ವಿಟ್ಬಿಯಲ್ಲಿ ಮಾಡಲೇಬೇಕಾದ ಕೆಲಸ ಅಂದ್ರೆ ತಲೆ ಬಗ್ಗಿಸಿಕೊಂಡು ಕಲ್ಲು ಹುಡುಕೋದು. ಅಲ್ಲಿನ ಬಂಡೆಗಳು ಸುಮಾರು 18 ಕೋಟಿ ವರ್ಷ ಹಳೆಯವು. ಆಗ ಅದೆಲ್ಲ ಸಮುದ್ರದ ತಳದ ಕೆಸರು. ಅದರಲ್ಲಿ ಹೂತುಹೋದ ಅಮ್ಮೊನೈಟ್ ಅನ್ನುವ ಜೀವಿಗಳ ಚಿಪ್ಪುಗಳು ಕಲ್ಲಾಗಿ, ಅಲೆ ಹೊಡೆದಾಗಲೆಲ್ಲ ಗುಡ್ಡದಿಂದ ಕಳಚಿ ಬೀಳುತ್ತವೆ. ಬೂದು ಬಣ್ಣದ ಗುಂಡು ಕಲ್ಲು, ಅಂಚಿನಲ್ಲಿ ಸಣ್ಣ ಸಣ್ಣ ಗೆರೆ ಕಾಣುತ್ತದೆ. ತಿರುಗಿಸಿದರೆ ಚಕ್ಕುಲಿ ಸುತ್ತಿದ ಹಾಗೆ ಒಳಕ್ಕೆ ಸುತ್ತಿಕೊಂಡು ಹೋದ ಚಕ್ರ.

ಇದನ್ನು ನೋಡಿದ ಕೂಡಲೇ ನಿಮಗೆ ಏನು ನೆನಪಾಗುತ್ತೆ ಹೇಳಿ? ಸಾಲಿಗ್ರಾಮ ಅಲ್ವಾ? ಹೌದು, ಅದೇ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗಿನ ಚಕ್ರವೂ ಅಮ್ಮೊನೈಟ್‌ನ ಗುರುತೇ. ನಾವು ಅದರಲ್ಲಿ ವಿಷ್ಣುವಿನ ಚಕ್ರ ಕಂಡೆವು, ದೇವರ ಪೆಟ್ಟಿಗೆಯಲ್ಲಿಟ್ಟು ಅಭಿಷೇಕ ಮಾಡಿದೆವು. ವಿಟ್ಬಿಯವರು ಅದರಲ್ಲಿ ಹಾವು ಕಂಡರು. ಗುಡ್ಡದ ಮೇಲೆ ಮಠ ಕಟ್ಟಲು ಬಂದ ಹಿಲ್ಡ್ ಅನ್ನುವ ಸಾಧ್ವಿ ಅಲ್ಲಿದ್ದ ಹಾವುಗಳನ್ನೆಲ್ಲ ಕಲ್ಲು ಮಾಡಿ ಬಂಡೆಯಿಂದ ಕೆಳಕ್ಕೆ ಎಸೆದಳು ಅನ್ನೋದು ಅಲ್ಲಿನ ಐತಿಹ್ಯ. ಹಾವು ಸರಿ, ತಲೆ ಎಲ್ಲಿ ಅಂತ ಜನ ಕೇಳುತ್ತಿದ್ದರು. ಅದಕ್ಕೆ ಹಿಂದೆ ಅಲ್ಲಿನ ಕುಶಲಕರ್ಮಿಗಳು ಕಲ್ಲಿನ ತುದಿಗೆ ಹಾವಿನ ತಲೆಯನ್ನೇ ಕೆತ್ತಿ ಮಾರುತ್ತಿದ್ದರು. ಅಂಥ ಕಲ್ಲುಗಳು ಈಗಲೂ ಮ್ಯೂಸಿಯಂಗಳಲ್ಲಿವೆ. ಒಂದು ಬಗೆಯ ಅಮ್ಮೊನೈಟ್‌ಗೆ ವಿಜ್ಞಾನಿಗಳು ಹಿಲ್ಡೊಸೆರಾಸ್ ಅಂತ ಅವಳ ಹೆಸರನ್ನೇ ಇಟ್ಟಿದ್ದಾರೆ. ಊರಿನ ಲಾಂಛನದಲ್ಲೂ ಮೂರು ಸುರುಳಿ ಇವೆ.

ಎಲ್ಲಿ ಹುಡುಕಬೇಕು? ಪೂರ್ವದ ಗುಡ್ಡದ ಬುಡದಲ್ಲಿ ಜಾಸ್ತಿ ಸಿಗುತ್ತವೆ. ಆದರೆ ದಯವಿಟ್ಟು ಆ ಕಡೆ ನೀವು ಹೋಗಬೇಡಿ. ಬಂಡೆ ಜಾರುತ್ತದೆ, ಮೇಲಿಂದ ಕಲ್ಲು ಬೀಳುತ್ತದೆ. ನೀರು ಏರಿದರೆ ವಾಪಸ್ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಅದರ ಬದಲು ಪಶ್ಚಿಮದ ಬೀಚಿನಲ್ಲಿ ಸ್ಯಾಂಡ್ಸೆಂಡ್ ಅನ್ನುವ ಹಳ್ಳಿಯ ಕಡೆ ನಡೆಯಿರಿ. ಸುಮಾರು ಐದು ಕಿಲೋಮೀಟರ್, ನೀರು ಇಳಿದಾಗ ಗಟ್ಟಿ ಮರಳು. ಸಾಕು ಅನ್ನಿಸಿದ ಕಡೆ ತಿರುಗಿ ಬನ್ನಿ. ಪೂರ್ತಿ ಹೋದರೆ ಬರುವಾಗ ಬಸ್ ಸಿಗುತ್ತದೆ. ಮರಳ ಮೇಲೆ ಬಿದ್ದಿರುವ ಕಲ್ಲು ಮಾತ್ರ ತೆಗೆದುಕೊಳ್ಳಿ, ಗುಡ್ಡಕ್ಕೆ ಸುತ್ತಿಗೆ ಹಾಕೋದು ಬೇಡ.

ಅದೇ ಮರಳಿನಲ್ಲಿ ಅದೃಷ್ಟ ಇದ್ದರೆ ಜೆಟ್ ಸಿಗುತ್ತದೆ. ಮಸಿ ಕಪ್ಪು, ಉಜ್ಜಿದರೆ ಕನ್ನಡಿಯ ಹೊಳಪು. ನೋಡೋಕೆ ಕಲ್ಲು, ನಿಜದಲ್ಲಿ ಅದು ಮರ. ಮಂಕಿ ಪಜಲ್ ಜಾತಿಯ ಮರಗಳು ಸಮುದ್ರದ ತಳ ಸೇರಿ, ಒತ್ತಡಕ್ಕೆ ಸಿಕ್ಕಿ ಹೀಗಾಗಿವೆ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಜೆಟ್ ಒಡವೆ ತೊಟ್ಟಳು. ಸೂತಕದ ಒಡವೆ ಅಂದರೆ ವಿಟ್ಬಿ ಜೆಟ್ ಅಂತಾಯಿತು. ಊರಿನ ನೂರಾರು ಮನೆಗಳ ಒಲೆ ಆಗ ಉರಿದದ್ದು ಇದರಿಂದಲೇ. ಮಗಳಿಗೆ ಓಲೆ ಕೊಳ್ಳೋ ಮನಸ್ಸಿದ್ದರೆ ಅಂಗಡಿಯಲ್ಲಿ ಒಮ್ಮೆ ಅಂಗೈ ಮೇಲೆ ಇಟ್ಟು ನೋಡಿ. ಕಪ್ಪು ಗಾಜು ತಣ್ಣಗೆ, ಭಾರವಾಗಿ ಇರುತ್ತದೆ. ಜೆಟ್ ಹಗುರ, ಕೈಗೆ ಬೆಚ್ಚಗೆ ತಾಗುತ್ತದೆ.

ಇನ್ನು ಮೆಟ್ಟಿಲು. ಹಳೆ ಊರಿನ ಓಣಿಯಿಂದ ಚರ್ಚಿನವರೆಗೆ 199 ಕಲ್ಲಿನ ಮೆಟ್ಟಿಲು. ಮಧ್ಯೆ ಮಧ್ಯೆ ಅಗಲವಾದ ಕಟ್ಟೆ ಇದೆ, ಮರದ ಬೆಂಚಿದೆ. ಸುಸ್ತಾದವರು ಕೂರಲಿ ಅಂತ ಮಾತ್ರ ಮಾಡಿದ್ದಲ್ಲ ಅದು. ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಪೆಟ್ಟಿಗೆ ಹೊತ್ತುಕೊಂಡು ಇದೇ ಮೆಟ್ಟಿಲು ಹತ್ತಬೇಕಿತ್ತು. ಹೊತ್ತವರು ಪೆಟ್ಟಿಗೆ ಇಳಿಸಿ ಉಸಿರು ತಗೊಳ್ಳೋಕೆ ಆ ಬೆಂಚು. ಸಮಾಧಾನವಾಗಿ ಕೂತು ಎದ್ದು ಹತ್ತಿದರೆ ತುಂಬ ಜನ ಹತ್ತುತ್ತಾರೆ. ಬೇಡ ಅನ್ನಿಸಿದರೆ ಕಾರಿನಲ್ಲಿ ಹಿಂದಿನ ರಸ್ತೆಯಿಂದ ಬಂದರೆ ಮಠದ ಹತ್ತಿರವೇ ಪಾರ್ಕಿಂಗ್ ಇದೆ. ಅಳಿಯನಿಗೆ ಹೇಳಿಬಿಡಿ.

ಮೇಲೆ ಮೊದಲು ಸಿಗೋದು ಸೇಂಟ್ ಮೇರಿ ಚರ್ಚು. ಒಳಗೆ ಹೋಗಲೇಬೇಕು. ಎದೆಮಟ್ಟದ ಮರದ ಗೋಡೆ ಕಟ್ಟಿ ಒಂದೊಂದು ಮನೆತನಕ್ಕೆ ಒಂದೊಂದು ಡಬ್ಬಿಯಂಥ ಜಾಗ, ಅದಕ್ಕೆ ಬಾಗಿಲು. ನಡುವೆ ಮೂರು ಅಂತಸ್ತಿನ ಉಪದೇಶ ಪೀಠ. ಹಡಗಿನೊಳಗೆ ನಿಂತ ಹಾಗೆ ಅನ್ನಿಸುತ್ತದೆ. ಹೊರಗಿನ ಸಮಾಧಿ ಕಲ್ಲುಗಳನ್ನು ಉಪ್ಪು ಗಾಳಿ ತಿಂದು ಜೇನುಗೂಡಿನ ಹಾಗೆ ಮಾಡಿದೆ. ಹೆಸರು ಓದೋಕೆ ಆಗಲ್ಲ.

ಅದರ ಹಿಂದೆ ಮಠ, ಅಲ್ಲಿನವರ ಮಾತಲ್ಲಿ ಅಬೆ. ಟಿಕೆಟ್ ಇದೆ. ಹಿಲ್ಡ್ ಇದನ್ನು ಶುರು ಮಾಡಿದ್ದು 657ರಲ್ಲಿ. ಗಂಡಸರು, ಹೆಂಗಸರು ಇಬ್ಬರೂ ಇದ್ದ ಮಠ, ಯಜಮಾನಿಕೆ ಅವಳದು. 664ರಲ್ಲಿ ಇಲ್ಲಿ ದೊಡ್ಡ ಸಭೆ ನಡೆಯಿತು. ವಿಷಯ ಏನು ಗೊತ್ತಾ? ಈಸ್ಟರ್ ಹಬ್ಬ ಯಾವ ದಿನ ಅನ್ನೋದು. ರಾಜ ಐರ್ಲೆಂಡ್ ಕಡೆಯ ಲೆಕ್ಕ ಹಿಡಿದಿದ್ದ, ರಾಣಿ ರೋಮ್‌ನ ಲೆಕ್ಕ. ರಾಜನ ಮನೆಯಲ್ಲಿ ಹಬ್ಬದೂಟ ನಡೆಯುವಾಗ ರಾಣಿಗಿನ್ನೂ ಉಪವಾಸ. ನಮ್ಮಲ್ಲೂ ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮರುದಿನ ಬರೋದುಂಟಲ್ಲ, ಹಾಗೆ. ಕೊನೆಗೆ ರಾಜ ರೋಮ್‌ನ ಲೆಕ್ಕ ಒಪ್ಪಿದ. ಈಗ ನಿಂತಿರುವ ಕಲ್ಲಿನ ಗೋಡೆಗಳು ಅವಳ ಕಾಲದವಲ್ಲ, ಮಠವನ್ನು ಮತ್ತೆ ಕಟ್ಟಿದ ಮೇಲಿನವು. 1539ರಲ್ಲಿ ಎಂಟನೇ ಹೆನ್ರಿ ಮಠ ಮುಚ್ಚಿಸಿದ. 1914ರ ಡಿಸೆಂಬರ್‌ನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡೂ ಇದಕ್ಕೆ ಬಿತ್ತು.

ಅದಕ್ಕೆ ಸುಮಾರು ಏಳು ವಾರ ಮೊದಲು, ಅಕ್ಟೋಬರ್ 30ರಂದು, ಇದೇ ಗುಡ್ಡದ ಆಚೆ ಬದಿ ಸಾಲ್ಟ್‌ವಿಕ್ ಬಂಡೆಗೆ ಒಂದು ಆಸ್ಪತ್ರೆ ಹಡಗು ಬಡಿಯಿತು. ಹೆಸರು ರೋಹಿಲ್ಲಾ. ಬ್ರಿಟಿಷ್ ಇಂಡಿಯಾ ಅನ್ನುವ ಹಡಗು ಕಂಪನಿಯದು, ಇಂಡಿಯಾಗೆ ಸೈನಿಕರನ್ನು ಸಾಗಿಸುತ್ತಿದ್ದ ಹಡಗು. ಹೆಸರೂ ನಮ್ಮ ರೋಹಿಲ್ಲರದೇ. ದಡ ಕಣ್ಣಳತೆಯಲ್ಲೇ ಇತ್ತು. ಆದರೂ ಬಿರುಗಾಳಿಯಲ್ಲಿ ಮೂರು ದಿನ ಊರಿನವರು ಹುಟ್ಟು ಹಾಕುವ ದೋಣಿಗಳಲ್ಲಿ ಮತ್ತೆ ಮತ್ತೆ ಹೋಗಬೇಕಾಯಿತು. ಕೊನೆಯ 50 ಜನರನ್ನು ಟೈನ್‌ಮತ್‌ನಿಂದ ಬಂದ ಮೋಟಾರ್ ದೋಣಿ ಉಳಿಸಿತು. 80ಕ್ಕೂ ಹೆಚ್ಚು ಜನ ತೀರಿಕೊಂಡರು. ಊರಿನ ಸ್ಮಶಾನದಲ್ಲಿ ಅವರ ಸ್ಮಾರಕ ಇದೆ. ಮೇಲೆ ನಿಂತು ನೀರು ನೋಡುವಾಗ ಈ ಕಥೆ ಗೊತ್ತಿರಲಿ ಅಂತ ಹೇಳಿದೆ.

ಕೆಳಗಿಳಿದರೆ ಗ್ರೇಪ್ ಲೇನ್ ಅನ್ನುವ ಓಣಿಯಲ್ಲಿ ಕ್ಯಾಪ್ಟನ್ ಕುಕ್ ಮ್ಯೂಸಿಯಂ. 1746ರಲ್ಲಿ ಕುಕ್ ಹಡಗಿನ ಕೆಲಸ ಕಲಿಯಲು ಸೇರಿದ್ದು ಈ ಮನೆಯ ಯಜಮಾನನ ಹತ್ತಿರ. ಮುಂದೆ ಆಸ್ಟ್ರೇಲಿಯಾ ಕಡೆ ಹೋದ ಅವನ ಎಂಡೆವರ್ ಹಡಗು ವಿಟ್ಬಿಯಲ್ಲೇ ಕಟ್ಟಿದ್ದು, ಮೊದಲು ಕಲ್ಲಿದ್ದಲು ಹೊರುತ್ತಿತ್ತು. ತಳ ಚಪ್ಪಟೆ. ಇಳಿತದಲ್ಲಿ ಮರಳ ಮೇಲೆ ಕೂರಲಿ, ಉಬ್ಬರದಲ್ಲಿ ತೇಲಲಿ ಅಂತ ಹಾಗೆ ಕಟ್ಟುತ್ತಿದ್ದರು. 1770ರಲ್ಲಿ ಹವಳದ ದಿಬ್ಬಕ್ಕೆ ತಗುಲಿ ತೂತಾದಾಗ ಅದನ್ನು ದಡಕ್ಕೆ ತಂದು ರಿಪೇರಿ ಮಾಡಿಕೊಳ್ಳಲು ಆ ತಳವೇ ಅನುಕೂಲವಾಯಿತು.

ಮಳೆ ಬಂದರೆ, ಬರುವ ಸಾಧ್ಯತೆ ಇದ್ದೇ ಇದೆ, ಪ್ಯಾನೆಟ್ ಪಾರ್ಕ್‌ನಲ್ಲಿರುವ ವಿಟ್ಬಿ ಮ್ಯೂಸಿಯಂಗೆ ಹೋಗಿ. ಗೋಡೆ ತುಂಬ ಸಮುದ್ರದ ದೈತ್ಯ ಸರೀಸೃಪಗಳ ಅಸ್ಥಿಪಂಜರ. ಆದರೆ ನನಗೆ ಇಷ್ಟ ಜಿಗಣೆ ಯಂತ್ರ. ಈ ಊರಿನ ಡಾಕ್ಟರ್ ಮೆರ್ರಿವೆದರ್ ಮಾಡಿದ್ದು, 1851ರ ಲಂಡನ್ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದ. ಇಲ್ಲಿರೋದು ಅದರ ಪ್ರತಿ. ಸುತ್ತಲೂ ಹನ್ನೆರಡು ಗಾಜಿನ ಬಾಟಲಿ, ಒಂದೊಂದರಲ್ಲಿ ಒಂದೊಂದು ಜಿಗಣೆ, ಸ್ವಲ್ಪ ಮಳೆನೀರು. ಬಿರುಗಾಳಿ ಬರುವ ಮೊದಲು ಜಿಗಣೆ ಮೇಲೆ ಹತ್ತುತ್ತದೆ ಅನ್ನೋದು ಅವನ ನಂಬಿಕೆ. ಹತ್ತಿ ಬಾಟಲಿ ಬಾಯಲ್ಲಿಟ್ಟ ಸಣ್ಣ ಚೂರನ್ನು ತಳ್ಳುತ್ತದೆ. ಮೇಲಿನ ಗಂಟೆ ಹೊಡೆಯುತ್ತದೆ. ಗಂಟೆ ಜಾಸ್ತಿ ಸಲ ಹೊಡೆದಷ್ಟೂ ಬಿರುಗಾಳಿ ಖಂಡಿತ ಅಂತ ಲೆಕ್ಕ. ಗಂಡಸರೆಲ್ಲ ಕಡಲಿಗೆ ಹೋಗುವ ಊರಲ್ಲಿ ಒಬ್ಬ ಡಾಕ್ಟರಿಗೆ ಇಂಥದ್ದು ಹೊಳೆದದ್ದು ಸಹಜ.

ಡ್ರಾಕುಲಾ ಬಗ್ಗೆಯೂ ಕೇಳಿರುತ್ತೀರಿ. ಆ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ 1890ರಲ್ಲಿ ಇಲ್ಲಿ ಉಳಿದಿದ್ದಾಗ ಊರಿನ ಲೈಬ್ರರಿಯ ಒಂದು ಪುಸ್ತಕದಲ್ಲಿ ಆ ಹೆಸರು ಕಂಡ. ಓದಿದವರಿಗೆ ಖುಷಿ, ಓದದಿದ್ದರೆ ಬಿಡಿ.

ಊಟದ ವಿಷಯಕ್ಕೆ ಒಂದು ಎಚ್ಚರಿಕೆ. ವಿಟ್ಬಿಯ ಮೀನು ಮತ್ತು ಚಿಪ್ಸ್ ಹೆಸರುವಾಸಿ. ಆದರೆ ಯಾರ್ಕ್‌ಶೈರ್ ಕಡೆ ದನದ ಕೊಬ್ಬಿನಲ್ಲಿ ಕರಿಯೋದು ಹಳೆ ವಾಡಿಕೆ, ಆಲೂಗಡ್ಡೆಯನ್ನೂ ಅದರಲ್ಲೇ ಕರಿಯುತ್ತಾರೆ. ಬರೀ ಚಿಪ್ಸ್ ತಾನೇ ಅಂತ ಸುಮ್ನೆ ತಗೋಬೇಡಿ. ಸಸ್ಯಾಹಾರಿಗಳಾದರೆ ಯಾವ ಎಣ್ಣೆ ಅಂತ ಕೇಳಿ, ಬೇಸರ ಮಾಡಿಕೊಳ್ಳದೆ ಹೇಳುತ್ತಾರೆ. ಮೀನು ತಿನ್ನುವವರಾದರೆ ಹೆನ್ರಿಯೆಟ್ಟಾ ಸ್ಟ್ರೀಟ್‌ನ ಫಾರ್ಚೂನ್ಸ್ ಅಂಗಡಿಗೆ ಹೋಗಿ. 1872ರಿಂದ ಅಲ್ಲಿ ಹೆರಿಂಗ್ ಮೀನನ್ನು ಸೀಳಿ, ಉಪ್ಪಿಗೆ ಹಾಕಿ, ಮರದ ಹೊಗೆಗೆ ತೂಗುಹಾಕುತ್ತಾರೆ. ನಮ್ಮ ಬೂತಾಯಿಯ ನೆಂಟ, ಗಾತ್ರ ಜಾಸ್ತಿ. ಗೋಡೆಯೆಲ್ಲ ಹೊಗೆ ಹಿಡಿದು ಡಾಂಬರಿನ ಹಾಗೆ ಕಪ್ಪಾಗಿದೆ. ಹೊರಗೆ ನಿಂತು ತಿನ್ನುವಾಗ ಕಡಲಹಕ್ಕಿಗಳ ಕಡೆ ಗಮನ ಇರಲಿ, ಕೈಯಿಂದಲೇ ಕಿತ್ತುಕೊಳ್ಳುತ್ತವೆ.

ಜೂನ್ ಆದರೂ ಸ್ವೆಟರ್ ಬೇಕೇ ಬೇಕು. ಲೀಡ್ಸ್‌ಗೆ ಕಾರಿನಲ್ಲಿ ಸುಮಾರು ಎರಡು ಗಂಟೆ, ರಾತ್ರಿ ತಡ ಆದರೂ ಪರವಾಗಿಲ್ಲ ಅನ್ನೋದಾದರೆ ಸಂಜೆ ಪಶ್ಚಿಮದ ಗುಡ್ಡದಲ್ಲಿರುವ ತಿಮಿಂಗಿಲ ದವಡೆಯ ಕಮಾನಿನ ಹತ್ತಿರ ಬೆಂಚು ಹಿಡಿದು ಕೂತುಬಿಡಿ. ಕಮಾನಿನೊಳಗಿಂದ ಎದುರಿನ ಚರ್ಚು, ಮಠ ಎರಡೂ ಕಾಣುತ್ತವೆ. ವಿಟ್ಬಿ ಇರೋದು ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ. ಆದರೆ ಈ ಜಾಗದಲ್ಲಿ ದಡ ಉತ್ತರಕ್ಕೆ ಮುಖ ಮಾಡಿದೆ. ಅದಕ್ಕೇ ಜೂನ್‌ನ ನಡುವಿನ ಕೆಲವು ದಿನ ಸೂರ್ಯ ಹುಟ್ಟೋದೂ ಸಮುದ್ರದಲ್ಲೇ, ಮುಳುಗೋದೂ ಸಮುದ್ರದಲ್ಲೇ. ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ.