ಪದ ಪರಿಚಯ: ಹೊಂದಿಕೆಯ ಮರುಬಳಕೆ

ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪದ ನಡುಭಾಗದಲ್ಲಿ ಸೇಂಟ್ ಕ್ಲೇರ್ ಎಂಬ ಸರೋವರವಿದೆ. ಹಿಮನದಿಗಳು ಕೊರೆದ ಕಣಿವೆಯಲ್ಲಿ ನಿಂತ ನೀರು ಅದು. ಆಳ ಸುಮಾರು 160 ಮೀಟರ್. ಇಡೀ ದೇಶದಲ್ಲೇ ಅತ್ಯಂತ ಆಳವಾದ ಸರೋವರ. ಅದರ ದಡದಿಂದ ಸುಮಾರು 250 ಮೀಟರ್ ಒಳಗೆ, ನಾಲ್ಕೂ ಕಡೆ ನೀರಿನ ನಡುವೆ, ಮೂರು ಅಂತಸ್ತಿನ ಕಟ್ಟಡವೊಂದು ನಿಂತಿದೆ. ಜಲವಿದ್ಯುತ್ ಯೋಜನೆಗಾಗಿ 1940ರಲ್ಲಿ ಕಟ್ಟಿದ ಪಂಪುಮನೆ. 2015ರಿಂದ ಅದು ಅತಿಥಿಗೃಹ. ಹೆಸರು ಈಗಲೂ ಪಂಪ್‌ಹೌಸ್ ಪಾಯಿಂಟ್ ಎಂದೇ.

ಒಂದು ಕೆಲಸಕ್ಕೆಂದು ಕಟ್ಟಿದ್ದನ್ನು, ಆ ಕೆಲಸ ಮುಗಿದ ಮೇಲೆ ಕೆಡವದೆ, ಅದರ ರೂಪವನ್ನೂ ನೆನಪನ್ನೂ ಉಳಿಸಿಕೊಂಡು ಬೇರೊಂದು ಕೆಲಸಕ್ಕೆ ಒಗ್ಗಿಸುವ ಈ ಬಗೆಯನ್ನು ವಾಸ್ತುಶಿಲ್ಪಿಗಳು ‘ಅಡಾಪ್ಟಿವ್ ರೀಯೂಸ್’ ಎನ್ನುತ್ತಾರೆ. ಕನ್ನಡದಲ್ಲಿ ಹೊಂದಿಕೆಯ ಮರುಬಳಕೆ ಎನ್ನಬಹುದು. ಇಲ್ಲಿ ಹೊಂದಿಕೊಳ್ಳಬೇಕಾದವರು ಇಬ್ಬರು. ಹೊಸ ಬಳಕೆಗೆ ಕಟ್ಟಡ ಒಂದಿಷ್ಟು ಬಗ್ಗಬೇಕು. ಕಟ್ಟಡದ ಗುಣಕ್ಕೆ ತಕ್ಕಂತೆ ಹೊಸ ಬಳಕೆಯೂ ತನ್ನ ಆಸೆಗಳನ್ನು ತಗ್ಗಿಸಿಕೊಳ್ಳಬೇಕು. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಎರಡನೆಯದು, ಮತ್ತು ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಇದನ್ನು ಅಕ್ಕಪಕ್ಕದ ಪರಿಕಲ್ಪನೆಗಳಿಂದ ಬೇರೆಯಾಗಿ ನೋಡಬೇಕು. ಇರುವುದನ್ನು ಇರುವ ಸ್ಥಿತಿಯಲ್ಲೇ ಕಾಪಾಡಿ, ಹಾಳಾಗದಂತೆ ತಡೆದರೆ ಅದು ಸಂರಕ್ಷಣೆ. ಆಮೇಲೆ ಸೇರಿಸಿದ್ದನ್ನು ತೆಗೆದು ಹಿಂದಿನ ಒಂದು ಸ್ಥಿತಿಗೆ ಮರಳಿಸಿದರೆ ಪುನಃಸ್ಥಾಪನೆ. ಬೀದಿಗೆ ಕಾಣುವ ಮುಂಗೋಡೆಯೊಂದನ್ನು ಮಾತ್ರ ನಿಲ್ಲಿಸಿ ಹಿಂದೆ ಎಲ್ಲವನ್ನೂ ಹೊಸದಾಗಿ ಕಟ್ಟುವ ಪದ್ಧತಿಯೂ ಇದೆ. ಅದನ್ನೂ ಮರುಬಳಕೆ ಎಂದು ಜಾಹೀರಾತುಗಳು ಹೇಳಿಕೊಳ್ಳುತ್ತವೆ. ನನ್ನ ಮಟ್ಟಿಗೆ ಅದು ಕೆಡವುವಿಕೆಯೇ. ಗೋಡೆಯೊಂದು ಉಳಿದಿದೆ ಎಂಬುದರಿಂದ ಹಣೆಬರಹ ಬದಲಾಗುವುದಿಲ್ಲ.

ಈ ವಿಷಯದಲ್ಲಿ ಆಸ್ಟ್ರೇಲಿಯಾದವರು ಆಧಾರವಾಗಿಟ್ಟುಕೊಂಡಿರುವ ದಾಖಲೆ ಬರ್ರಾ ಸನ್ನದು. ಐತಿಹಾಸಿಕ ತಾಣಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಕೊಮಾಸ್‌ನ ಆಸ್ಟ್ರೇಲಿಯಾ ಶಾಖೆ 1979ರಲ್ಲಿ ಅದನ್ನು ಅಂಗೀಕರಿಸಿತು. ಸಭೆ ನಡೆದ ಬರ್ರಾ ದಕ್ಷಿಣ ಆಸ್ಟ್ರೇಲಿಯಾದ ಹಳೆಯ ಗಣಿ ಊರು. 1845ರಿಂದ 1877ರವರೆಗೆ ಅಲ್ಲಿ ತಾಮ್ರ ತೆಗೆಯುತ್ತಿದ್ದರು. ಅರಮನೆ, ಇಗರ್ಜಿಗಳಷ್ಟೇ ಅಲ್ಲ, ದುಡಿಮೆಯ ಜಾಗಗಳೂ ಪರಂಪರೆಯೇ ಎಂಬುದಕ್ಕೆ ಆ ಊರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸನ್ನದಿನ ತಿರುಳು ಸರಳ: ಎಷ್ಟು ಅಗತ್ಯವೋ ಅಷ್ಟು ಬದಲಿಸಿ, ಆದರೆ ಸಾಧ್ಯವಾದಷ್ಟು ಕಡಿಮೆ ಬದಲಿಸಿ. ಹೊಸ ಬಳಕೆ ಆ ಜಾಗದ ಮಹತ್ವಕ್ಕೆ ಧಕ್ಕೆ ತರಬಾರದು, ತಂದರೂ ಅದು ಅತ್ಯಲ್ಪವಾಗಿರಬೇಕು. ಮುಂದೊಂದು ದಿನ ಹಿಂದಕ್ಕೆ ತೆಗೆಯಬಹುದಾದ ಬದಲಾವಣೆಗಳಿಗೇ ಆದ್ಯತೆ.

ಈಗ ಮತ್ತೆ ಪಂಪುಮನೆಗೆ ಬರೋಣ. ಆ ಕಾಲದಲ್ಲಿ ಟ್ಯಾಸ್ಮೇನಿಯಾ ನೀರಿನಿಂದ ವಿದ್ಯುತ್ ತೆಗೆದು ಕೈಗಾರಿಕೆ ಬೆಳೆಸುವ ದಾರಿ ಹಿಡಿದಿತ್ತು. ಸೇಂಟ್ ಕ್ಲೇರ್‌ನಿಂದ ಹೊರಡುವ ಡರ್ವೆಂಟ್ ನದಿಯ ನೀರನ್ನು ಬಳಸುವ ಟಾರಾಲಿಯಾ ವಿದ್ಯುದಾಗಾರ 1938ರಲ್ಲಿ ಆರಂಭವಾಗಿತ್ತು. ಅದಕ್ಕೆ ಬೇಕಾದ ನೀರನ್ನು ಸರೋವರದಿಂದ ಎತ್ತಿ ಪಕ್ಕದ ಹಿನ್ನೀರಿಗೆ ಹಾಯಿಸಲು ಜಲವಿದ್ಯುತ್ ಆಯೋಗ ಈ ಪಂಪುಮನೆಯನ್ನು ಕಟ್ಟಿತು. ಪಂಪು ಆಳದ ನೀರಿನ ಮೇಲೆಯೇ ಇರಬೇಕಾದ್ದರಿಂದ ಕಟ್ಟಡ ಸರೋವರದೊಳಗೆ ಹೋಯಿತು. ಅಲಂಕಾರಕ್ಕೆಂದು ಯಾರೂ ಅದನ್ನು ಅಲ್ಲಿ ನಿಲ್ಲಿಸಲಿಲ್ಲ. ಆದರೂ 1930ರ ದಶಕದ ಆರ್ಟ್ ಡೆಕೊ ಶೈಲಿಯ ನೇರ ಗೆರೆಗಳು, ಸಾಲಾದ ಕಿಟಕಿಗಳು ಅದರಲ್ಲಿವೆ. ಪಂಪು ಇಡುವ ಮನೆಗೂ ಅಂದ ಇರಬೇಕೆಂದು ಆಗಿನ ಎಂಜಿನಿಯರುಗಳು ನಂಬಿದ್ದರು.

1990ರ ದಶಕದಲ್ಲಿ ಪಂಪುಮನೆಯನ್ನು ಸೇವೆಯಿಂದ ಕೈಬಿಟ್ಟ ಮೇಲೆ ಅದು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಟ್ಯಾಸ್ಮೇನಿಯಾದ ಪ್ರವಾಸೋದ್ಯಮಿ ಸೈಮನ್ ಕರೆಂಟ್ ಇದನ್ನು ವಸತಿಯಾಗಿಸಲು ಹೊರಟರು. ಪರವಾನಗಿ, ಹಣ, ಗುತ್ತಿಗೆ ಎಲ್ಲವೂ ಕೂಡಿಬಂದು ಬಾಗಿಲು ತೆರೆಯುವಷ್ಟರಲ್ಲಿ ಸುಮಾರು ಎರಡು ದಶಕಗಳೇ ಕಳೆದವು. ವಿನ್ಯಾಸ ಮಾಡಿದ್ದು ಕ್ಯುಮುಲಸ್ ಸ್ಟುಡಿಯೊ. ತೆರೆದಾಗ ಇದ್ದದ್ದು 18 ಕೋಣೆಗಳು: ನೀರಿನ ಮೇಲಿನ ಪಂಪುಮನೆಯಲ್ಲಿ 12, ದಡದ ಹಳೆಯ ಕಟ್ಟಡದಲ್ಲಿ 6.

ಹೊಂದಿಕೆ ಎಂದರೇನು ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಹೊರಗೋಡೆಗಳನ್ನು ಹೆಚ್ಚುಕಡಿಮೆ ಇದ್ದಂತೆಯೇ ಬಿಟ್ಟರು. ಕೋಣೆಗೊಂದು ಬಾಲ್ಕನಿ ಇದ್ದರೆ ಬಾಡಿಗೆ ಹೆಚ್ಚು ಸಿಗುತ್ತಿತ್ತೇನೋ, ಆದರೆ ಪಂಪುಮನೆಗೆ ಬಾಲ್ಕನಿ ಇರುವುದಿಲ್ಲ. ಹಾಗಾಗಿ ಸರೋವರವನ್ನು ಹಳೆಯ ಕಿಟಕಿಗಳಿಂದಲೇ ನೋಡಬೇಕು. ಒಳಗೆ ಒರಟು ಮರದ ಹಲಗೆ, ಮುಚ್ಚದೆ ಬಿಟ್ಟ ತಾಮ್ರದ ಕೊಳವೆ. ಕೋಣೆಗಳಲ್ಲಿ ಟಿವಿ ಇಲ್ಲ. ಊಟ ದಡದ ಕಟ್ಟಡದಲ್ಲಿ, ಉದ್ದನೆಯ ಮೇಜುಗಳಲ್ಲಿ, ಗುರುತಿಲ್ಲದವರ ಜೊತೆಗೆ. ಪಂಪುಮನೆಯ ಅತಿಥಿ ಊಟಕ್ಕೆ ಬರಬೇಕಾದರೆ ದಡಕ್ಕೂ ಕಟ್ಟಡಕ್ಕೂ ನಡುವೆ ನೀರಿನ ಮೇಲೆ ಹಾಯುವ ಕಾಂಕ್ರೀಟ್ ಸೇತುವೆಯನ್ನು, ಗಾಳಿಯಿದ್ದರೂ ಮಳೆಯಿದ್ದರೂ, ದಾಟಿಯೇ ಬರಬೇಕು. ಹೋಟೆಲ್ ಉದ್ಯಮದ ಲೆಕ್ಕದಲ್ಲಿ ಇದು ಅನನುಕೂಲ. ನನಗೆ ಈ ಇಡೀ ಯೋಜನೆಯ ಅತ್ಯುತ್ತಮ ಅಂಶ ಇದೇ ಅನ್ನಿಸುತ್ತದೆ. ಕಟ್ಟಡ ದಡದಿಂದ ಯಾಕೆ ಅಷ್ಟು ದೂರ ಇದೆ ಎಂಬುದನ್ನು ಫಲಕ ಓದಿ ತಿಳಿಯಬೇಕಿಲ್ಲ, ಕಾಲುಗಳೇ ತಿಳಿಸುತ್ತವೆ.

ಕಣ್ಣಿಗೆ ಕಾಣದ ಕೆಲಸ ಇದಕ್ಕಿಂತ ಕಷ್ಟದ್ದು. ಯಂತ್ರಗಳಿಗಾಗಿ ಕಟ್ಟಿದ ಜಾಗದಲ್ಲಿ ಶೌಚಾಲಯ, ಸ್ನಾನದ ನೀರು, ಬಿಸಿ, ಬೆಂಕಿ ಬಿದ್ದಾಗ ಹೊರಬರುವ ದಾರಿ ಯಾವುದನ್ನೂ ಯೋಚಿಸಿರುವುದಿಲ್ಲ. ನೀರಿನ ನಡುವಿನ ಕಟ್ಟಡದಲ್ಲಿ ಒಂದು ಹನಿ ಕೊಳಚೆಯೂ ಕೆಳಗಿಳಿಯಬಾರದು. ಎಲ್ಲವನ್ನೂ ದಡಕ್ಕೆ ಸಾಗಿಸಬೇಕು. ಇನ್ನು ಹಳೆಯ ಕೈಗಾರಿಕಾ ತಾಣಗಳಲ್ಲಿ ಸೀಸ ಬೆರೆತ ಬಣ್ಣ, ಕಲ್ನಾರು, ಹಳೆಯ ಟ್ರಾನ್ಸ್‌ಫಾರ್ಮರ್‌ಗಳ ವಿಷಕಾರಿ ಎಣ್ಣೆ ಸಿಗುವುದು ಸಾಮಾನ್ಯ. ಅವನ್ನು ಗುರುತಿಸಿ ತೆಗೆಯುವ ಖರ್ಚು ಮೊದಲೇ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಬ್ಯಾಂಕುಗಳು ಹಿಂಜರಿಯುತ್ತವೆ. ಚಳಿನಾಡಿನಲ್ಲಿ ಕಾಂಕ್ರೀಟಿನ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಬಿರುಕನ್ನು ಅಗಲಿಸುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಳೆಯದನ್ನು ಉಳಿಸುವುದು ಯಾವಾಗಲೂ ಅಗ್ಗ ಎಂದು ಹೇಳುವವರನ್ನು ನಂಬಬಾರದು. ಆದರೆ ಈಗಾಗಲೇ ಸುರಿದ ಕಾಂಕ್ರೀಟಿಗಾಗಿ ಸುಟ್ಟ ಇಂಧನ ಮರಳಿ ಬರುವುದಿಲ್ಲ. ಕೆಡವಿ ಮತ್ತೆ ಕಟ್ಟಿದರೆ ಎರಡನೆಯ ಸಲ ಸುಡಬೇಕಾಗುತ್ತದೆ.

ಇಲ್ಲಿಗೆ ಮುಗಿದಿದ್ದರೆ ಇದು ವಾಸ್ತುಶಿಲ್ಪದ ಮಾತಾಗಿರುತ್ತಿತ್ತು. ಆದರೆ ಪಂಪ್‌ಹೌಸ್ ಪಾಯಿಂಟ್ ಇರುವುದು 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಟ್ಯಾಸ್ಮೇನಿಯಾದ ನಿರ್ಜನ ಕಾಡಿನ ಪ್ರದೇಶದಲ್ಲಿ. ಇದೇ ಜಲವಿದ್ಯುತ್ ಆಯೋಗವೇ 1972ರಲ್ಲಿ ಪೆಡ್ಡರ್ ಸರೋವರವನ್ನು ಅಣೆಕಟ್ಟಿನ ನೀರಿನಲ್ಲಿ ಮುಳುಗಿಸಿದ್ದು. ಇದೇ ಆಯೋಗ ಫ್ರಾಂಕ್ಲಿನ್ ನದಿಯ ನೀರನ್ನೂ ಕಟ್ಟಲು ಹೊರಟಾಗ ದೇಶವ್ಯಾಪಿ ಚಳವಳಿ ನಡೆಯಿತು. 1983ರ ಜುಲೈ 1ರಂದು ಆಸ್ಟ್ರೇಲಿಯಾದ ಹೈಕೋರ್ಟ್ 4–3 ಬಹುಮತದಿಂದ ಆ ಅಣೆಕಟ್ಟಿಗೆ ತಡೆ ಹಾಕಿತು. ಕಾಡನ್ನು ಕಾಯಲು ಜನ ಯಾವ ಸಂಸ್ಥೆಯ ವಿರುದ್ಧ ಬೀದಿಗಿಳಿದರೋ ಅದೇ ಸಂಸ್ಥೆಯ ಕಟ್ಟಡ ಇಂದು ಕಾಡಿನ ನೆಮ್ಮದಿಯನ್ನು ಅರಸಿ ಬರುವವರ ತಂಗುದಾಣ. ಈ ವಿರೋಧಾಭಾಸವನ್ನು ಮರೆಮಾಚದೆ ಹೇಳುವುದೂ ಹೊಂದಿಕೆಯ ಮರುಬಳಕೆಯ ಹೊಣೆ ಎಂದು ನಾನು ಭಾವಿಸುತ್ತೇನೆ. ಹಾಗೆಯೇ ಇನ್ನೊಂದು: ಟ್ಯಾಸ್ಮೇನಿಯಾದಲ್ಲಿ ಮನುಷ್ಯರು ಸುಮಾರು 40,000 ವರ್ಷಗಳಿಂದ ಬದುಕಿದ್ದಾರೆ. ಮೂಲನಿವಾಸಿಗಳಿಗೆ ಈ ಸರೋವರ ಲಿಯಾವುಲೀನಾ. ಯಾರೂ ಕಾಲಿಡದ ಕಾಡು ಎಂಬ ಪ್ರವಾಸಿ ವರ್ಣನೆ ಅವರನ್ನೂ, ಚಳಿಯಲ್ಲಿ ನಿಂತು ನೀರಿನೊಳಗೆ ಅಡಿಪಾಯ ಹಾಕಿದ ಕೂಲಿಗಳನ್ನೂ ಒಟ್ಟಿಗೇ ಅಳಿಸಿಹಾಕುತ್ತದೆ.

ಕಾಡಿನ ನಡುವೆ ಈ ಪರಿಕಲ್ಪನೆಗೆ ಇನ್ನೊಂದು ತೂಕ ಬರುತ್ತದೆ. ಸಂರಕ್ಷಿತ ಸರೋವರದ ಒಳಗೆ 250 ಮೀಟರ್ ದೂರದಲ್ಲಿ ಹೊಸದೊಂದು ಹೋಟೆಲು ಕಟ್ಟುತ್ತೇನೆಂದು ಇಂದು ಯಾರಾದರೂ ಕೇಳಿದರೆ ಒಪ್ಪುವವರಿಲ್ಲ. ಹಳೆಯ ಕಟ್ಟಡ ಅಲ್ಲಿ ಮೊದಲೇ ಇತ್ತು ಎಂಬುದೊಂದೇ ಅನುಮತಿಯ ಆಧಾರ. ಆ ಕಾರಣಕ್ಕೇ ಅದು ಮಿತಿಯೂ ಹೌದು. ಹಳೆಯ ಗೋಡೆಯ ಆಚೆಗೆ ಚಾಚುವ ಪ್ರತಿ ಹೊಸ ಕೋಣೆಯೂ ಆ ಆಧಾರವನ್ನು ಅಷ್ಟಷ್ಟೇ ಸವೆಸುತ್ತದೆ. ಟ್ಯಾಸ್ಮೇನಿಯಾದಲ್ಲೇ ಮಲ್ಬೀನಾ ಸರೋವರದ ಹಾಲ್ಸ್ ದ್ವೀಪದಲ್ಲಿ, ಅತಿಥಿಗಳನ್ನು ಹೆಲಿಕಾಪ್ಟರಿನಲ್ಲಿ ಕರೆತಂದು ಇಳಿಸುವ ದುಬಾರಿ ಬಿಡಾರದ ಯೋಜನೆಗೆ ಚಾರಣಿಗರು, ಮೀನು ಹಿಡಿಯುವವರು ಜೋರಾಗಿ ವಿರೋಧ ವ್ಯಕ್ತಪಡಿಸಿದ್ದರು. ಆ ದ್ವೀಪದಲ್ಲೂ ಒಂದು ಹಳೆಯ ಪುಟ್ಟ ಗುಡಿಸಲಿದೆ. ಗುಡಿಸಲು ಇದೆ ಎಂದ ಮಾತ್ರಕ್ಕೆ ಅದರ ಸುತ್ತ ಕಟ್ಟುವ ಹೊಸದೆಲ್ಲ ಮರುಬಳಕೆಯಾಗುವುದಿಲ್ಲ.

ನೀರಿನ ದಡದ ಕೈಗಾರಿಕೆಗಳಿಗೆ ಬೇರೆ ಕಡೆಯೂ ಹೊಸ ಬದುಕು ಸಿಕ್ಕಿದೆ. ಚೀನಾದ ಯಾಂಗ್‌ಶುವೊ ಬಳಿ ಲೀ ನದಿಯ ದಡದಲ್ಲಿ 1960ರ ದಶಕದ ಸಕ್ಕರೆ ಕಾರ್ಖಾನೆಯೊಂದು 2017ರಲ್ಲಿ ಹೋಟೆಲಾಯಿತು; ದೋಣಿಗಳಿಗೆ ಸರಕು ತುಂಬುತ್ತಿದ್ದ ಹಂದರದ ಕೆಳಗೆ ಈಗ ಈಜುಕೊಳವಿದೆ. ಲಂಡನ್ನಿನ ಥೇಮ್ಸ್ ದಡದ ಬ್ಯಾಂಕ್‌ಸೈಡ್ ವಿದ್ಯುದಾಗಾರ 2000ದಲ್ಲಿ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವಾಯಿತು. ಟರ್ಬೈನುಗಳಿದ್ದ ಬೃಹತ್ ಅಂಕಣವನ್ನು ಅಂತಸ್ತುಗಳಾಗಿ ಸೀಳದೆ ಖಾಲಿ ಬಿಟ್ಟಿದ್ದೇ ಅಲ್ಲಿನ ಜಾಣತನ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆ ಸಾರ್ವಜನಿಕ ಉದ್ಯಾನವಾಗಿದೆ. ಅನಿಲ ತುಂಬಿಡುತ್ತಿದ್ದ ತೊಟ್ಟಿಯಲ್ಲಿ ನೀರು ತುಂಬಿಸಿ ಮುಳುಗುಗಾರಿಕೆ ಕಲಿಸುತ್ತಾರೆ. ಈ ಉದ್ಯಾನಕ್ಕೆ ಟಿಕೆಟ್ ಇಲ್ಲ.

ಟಿಕೆಟ್ಟಿನ ಪ್ರಶ್ನೆ ಸಣ್ಣದಲ್ಲ. ಪಂಪುಮನೆ ಕಟ್ಟಿದ್ದು ಸಾರ್ವಜನಿಕ ಹಣದಲ್ಲಿ, ನಿಂತಿರುವುದು ರಾಷ್ಟ್ರೀಯ ಉದ್ಯಾನದ ನೆಲದಲ್ಲಿ, ನಡೆಸುವವರು ಗುತ್ತಿಗೆದಾರರು, ರಾತ್ರಿ ತಂಗಬಲ್ಲವರು ಕೆಲವರು. ಖಾಲಿ ಬಿಟ್ಟಿದ್ದರೆ ಕಟ್ಟಡ ನಿಧಾನವಾಗಿ ಸರೋವರಕ್ಕೆ ಕುಸಿಯುತ್ತಿತ್ತು, ಆದ್ದರಿಂದ ಈ ವ್ಯವಸ್ಥೆಯನ್ನು ನಾನು ತಪ್ಪು ಎನ್ನಲಾರೆ. ಆದರೆ ಹೊಂದಿಕೆಯ ಮರುಬಳಕೆಯ ಗುತ್ತಿಗೆ ಪತ್ರವನ್ನು ಓದುವಾಗ ಕೋಣೆಗಳ ಸಂಖ್ಯೆಗಿಂತ ಮೊದಲು ನೋಡಬೇಕಾದ ಷರತ್ತುಗಳು ಮೂರು: ದುರಸ್ತಿಯ ಹೊಣೆ ಯಾರದು, ಗುತ್ತಿಗೆ ಮುಗಿದಾಗ ಕಟ್ಟಡ ಯಾವ ಸ್ಥಿತಿಯಲ್ಲಿ ಮರಳಬೇಕು, ಮತ್ತು ಅಲ್ಲಿ ತಂಗದವರಿಗೆ ಆ ಸೇತುವೆಯ ಮೇಲೆ ನಡೆಯುವ ಹಕ್ಕು ಇದೆಯೇ ಇಲ್ಲವೇ.