ಗಣಿಯಲ್ಲಿದ್ದರೆ ಸಾಲದು, ಯಾರ್ಡಿಗೆ ಬರಬೇಕು

ದೇಶದಲ್ಲಿ ಇಷ್ಟೊಂದು ಕಲ್ಲಿದ್ದಲು ತೆಗೆಯುವಾಗ ನಮ್ಮಲ್ಲಿ ಯಾಕೆ ಕೊರತೆ? ಥರ್ಮಲ್‌ನಲ್ಲಿ, ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ಸ್ಥಾವರದಲ್ಲಿ, ಕೆಲಸ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು. ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಬರುವುದೂ ಇದರಿಂದಲೇ.

ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರು, ಬಳ್ಳಾರಿ, ಯರಮರಸ್ ಮೂರೂ ಸ್ಥಾವರಗಳು ರೈಲು ನೋಡಿಕೊಂಡೇ ಬದುಕಬೇಕು. ತೆಲಂಗಾಣದ ಸಿಂಗರೇಣಿ ಗಣಿಗಳಿಂದ, ಒಡಿಶಾದಿಂದ, ಮಹಾರಾಷ್ಟ್ರದಿಂದ ಮಾಲು ಬರಬೇಕು. 210 ಮೆಗಾವಾಟ್‌ನ ಒಂದು ಯೂನಿಟ್ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 3,500 ಟನ್ ಸುಡುತ್ತದೆ. ಅಂದರೆ ಹೆಚ್ಚುಕಮ್ಮಿ ಒಂದು ರೇಕ್, ಒಂದು ಇಡೀ ಗೂಡ್ಸ್ ರೈಲಿನಷ್ಟು. ರಾಯಚೂರಿನಲ್ಲಿ ಇಂಥ ಯೂನಿಟ್ ಏಳಿವೆ, ಜೊತೆಗೆ 250 ಮೆಗಾವಾಟ್‌ನದೊಂದು.

ಇನ್ನು ಬೂದಿಯ ಮಾತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಶೇ 30ರಿಂದ 45ರವರೆಗೂ ಇರುತ್ತದೆ. ಬರೀ ಶೇ 35 ಅಂತಿಟ್ಟುಕೊಂಡರೂ ಒಂದು ಯೂನಿಟ್‌ನಿಂದ ದಿನಕ್ಕೆ 1,200 ಟನ್ ಬೂದಿ. ಅದಕ್ಕೂ ನಾವು ರೈಲು ಬಾಡಿಗೆ ಕಟ್ಟಿರುತ್ತೇವೆ, ಅಲ್ವಾ? ಗಣಿಯ ಹತ್ತಿರವೇ ತೊಳೆದು, ಬೂದಿ ಕಡಿಮೆ ಮಾಡಿ ಕಳಿಸಿ ಅಂತ ನಾವು ಪಟ್ಟು ಹಿಡಿಯುವುದು ಇದಕ್ಕೇ.

ಮಳೆಗಾಲದಲ್ಲಂತೂ ಕಷ್ಟ ಇನ್ನೂ ಹೆಚ್ಚು. ಒದ್ದೆ ಕಲ್ಲಿದ್ದಲು ಮಣ್ಣಿನ ಜೊತೆ ಸೇರಿ ಅಂಟಂಟಾಗುತ್ತದೆ. ವ್ಯಾಗನ್ ಮಗುಚುವ ಯಂತ್ರವಾದ ಟಿಪ್ಲರ್‌ನಲ್ಲಿ ಮಗುಚಿದರೂ ಪೂರ್ತಿ ಬೀಳುವುದಿಲ್ಲ. ಕಲ್ಲಿದ್ದಲು ತುಂಬಿಡುವ ದೊಡ್ಡ ತೊಟ್ಟಿ, ಬಂಕರ್, ಕಟ್ಟಿಕೊಳ್ಳುತ್ತದೆ. ಹುಡುಗರು ಮಳೆಯಲ್ಲೇ ನಿಂತು ಕಲ್ಲಿದ್ದಲು ಜಾರಿ ಬೀಳುವ ಚ್ಯೂಟ್ ಕುಟ್ಟಿ ಬಿಡಿಸಬೇಕು. ಅಷ್ಟು ಹೊತ್ತು ಕಲ್ಲಿದ್ದಲು ಪುಡಿ ಮಾಡುವ ಮಿಲ್‌ಗೆ ಮಾಲಿಲ್ಲ, ಲೋಡ್ ಅಂದರೆ ಕರೆಂಟ್ ಉತ್ಪಾದನೆ ಇಳಿಸಲೇಬೇಕು. ಸ್ಥಾವರದ ಯಾರ್ಡ್‌ನಲ್ಲಿ ಕಲ್ಲಿದ್ದಲು ತುಂಬಿದ್ದರೂ ಹೀಗಾಗುತ್ತದೆ.

2021ರ ಅಕ್ಟೋಬರ್ ನೆನಪಿಸಿಕೊಳ್ಳಿ. ದೇಶದ ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನದ ದಾಸ್ತಾನು ಉಳಿದಿತ್ತು. ಅದೇ ಹೊತ್ತಿಗೆ ಸರ್ಕಾರಿ ಗಣಿ ಕಂಪನಿ ಕೋಲ್ ಇಂಡಿಯಾ ಹತ್ತಿರ ಸುಮಾರು 4 ಕೋಟಿ ಟನ್ ಇತ್ತು! ಬೇಸಿಗೆಯಲ್ಲಿ ಗಣಿಗಳ ಹತ್ತಿರ ರಾಶಿ ಬಿದ್ದಿದ್ದಾಗ ಸ್ಥಾವರಗಳು ಸಾಕಷ್ಟು ಎತ್ತಲಿಲ್ಲ. ಕೆಲವು ರಾಜ್ಯಗಳ ಬಾಕಿ ಬಿಲ್ಲೂ ಇದಕ್ಕೆ ಕಾರಣ. ಆಮೇಲೆ ಗಣಿಗಳಿಗೆ ಮಳೆನೀರು ನುಗ್ಗಿತು, ಬೇಡಿಕೆ ಏರಿತು, ವಿದೇಶಿ ಕಲ್ಲಿದ್ದಲು ದುಬಾರಿಯಾಯಿತು.

ಗಣಿಯಿಂದ ದೂರದ ಸ್ಥಾವರಗಳಲ್ಲಿ ತಿಂಗಳಿಗೆ ತಕ್ಕಂತೆ 20ರಿಂದ 26 ದಿನದ ದಾಸ್ತಾನು ಇರಬೇಕು ಅನ್ನುವುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಪ್ರತಿ ಸ್ಥಾವರದ ದಾಸ್ತಾನಿನ ಲೆಕ್ಕವನ್ನೂ ಅದು ದಿನಾ ಪ್ರಕಟಿಸುತ್ತದೆ. ಮೇ ತಿಂಗಳಲ್ಲಿ ಆ ಪಟ್ಟಿ ತೆಗೆದು ರಾಯಚೂರಿನ ಸಾಲು ನೋಡಿ. ಅಲ್ಲಿ ಹತ್ತು ದಿನದ ಮಾಲೂ ಇಲ್ಲದಿದ್ದರೆ ಆಗಲೇ ಪ್ರಶ್ನೆ ಕೇಳಿ. ಅಕ್ಟೋಬರ್‌ನಲ್ಲಿ ಕೇಳಿದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.