ಉಪವಾಸದ ತಾಸು, ತಾಲೀಮಿನ ತಾಸು

ನಸುಕಿನ 6ಕ್ಕೆ ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ ಬಿರುಸಾಗಿ ನಡೆಯುವವರಲ್ಲಿ ಬರಿಹೊಟ್ಟೆಯವರೇ ಹೆಚ್ಚು. ರಾತ್ರಿ 7ಕ್ಕೆ ಊಟ ಮುಗಿಸಿ ಮರುದಿನ 11ರವರೆಗೆ ನೀರು ಬಿಟ್ಟು ಏನೂ ಮುಟ್ಟದಿದ್ದರೆ ಅದೇ 16 ತಾಸಿನ ಉಪವಾಸ. ಇದಕ್ಕೆ ವ್ಯಾಯಾಮ ಕೂಡಿದರೆ ಒಳ್ಳೆಯದೇ. ಆದರೆ ಯಾವ ವ್ಯಾಯಾಮ, ಊಟಕ್ಕೆ ಎಷ್ಟು ಹತ್ತಿರ ಎಂಬುದು ತಪ್ಪಿದರೆ ಬೊಜ್ಜಿನ ಜೊತೆ ಸ್ನಾಯುವೂ ಕರಗಬಹುದು.

ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಇರುತ್ತದೆ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ರಾತ್ರಿಯಿಡೀ ಮಿದುಳಿಗೆ ಸಕ್ಕರೆ ಒದಗಿಸುವುದು ಯಕೃತ್ತು. ಬೆಳಗಾಗುವಷ್ಟರಲ್ಲಿ ಅಲ್ಲಿಯ ದಾಸ್ತಾನು ಬಹುಮಟ್ಟಿಗೆ ಇಳಿದಿರುತ್ತದೆ. ಆಗ ನಡೆದರೆ ದೇಹ ಕೊಬ್ಬಿನ ಕಡೆ ಹೊರಳುತ್ತದೆ. ಹಾಗಂತ ತೂಕ ಹೆಚ್ಚು ಇಳಿಯುವುದಿಲ್ಲ. 2014ರ ಒಂದು ಪ್ರಯೋಗದಲ್ಲಿ 20 ಯುವತಿಯರು 4 ವಾರ, ವಾರಕ್ಕೆ 3 ದಿನ, ಒಂದೊಂದು ತಾಸು ವ್ಯಾಯಾಮ ಮಾಡಿದರು. ಅರ್ಧ ಜನ ಬರಿಹೊಟ್ಟೆಯಲ್ಲಿ, ಅರ್ಧ ಜನ ತಿಂದ ಮೇಲೆ. ಇಬ್ಬರಲ್ಲೂ ಕೊಬ್ಬು ಇಳಿದದ್ದು ಹೆಚ್ಚುಕಡಿಮೆ ಒಂದೇ.

ಇನ್ನೆರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2020ರಲ್ಲಿ ವ್ಯಾಯಾಮದ ಕಟ್ಟುಪಾಡಿಲ್ಲದೆ ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡವರ ತೂಕ, ಮೂರು ಹೊತ್ತು ಉಂಡವರಿಗಿಂತ ಗಮನಾರ್ಹವಾಗಿ ಇಳಿಯಲಿಲ್ಲ. ಇಳಿದಷ್ಟರಲ್ಲಿ ಕೊಬ್ಬಲ್ಲದ ಭಾಗವೇ ಕಳವಳ ಹುಟ್ಟಿಸುವಷ್ಟಿತ್ತು. 2016ರಲ್ಲಿ ಭಾರ ಎತ್ತಿ ರೂಢಿಯಿದ್ದ 34 ಗಂಡಸರು ತಾಲೀಮು ಬಿಡದೆ, ಸಾಕಷ್ಟು ಪ್ರೋಟೀನ್ ತಿಂದು 8 ವಾರ ಕಳೆದರು. 16 ತಾಸು ಉಪವಾಸ ಮಾಡಿದ ಗುಂಪಿನಲ್ಲಿ ಕೊಬ್ಬು ಇಳಿಯಿತು, ಸ್ನಾಯು ಉಳಿಯಿತು. ಸ್ನಾಯುವನ್ನು ಕಾಯುವುದು ಭಾರ ಮತ್ತು ತಾಟು; ಬರೀ ಉಪವಾಸದ ಗಡಿಯಾರವಲ್ಲ.

ಆದ್ದರಿಂದ ಮುಂಜಾನೆ ಬರಿಹೊಟ್ಟೆಯಲ್ಲಿ 30-45 ನಿಮಿಷದ ನಡಿಗೆ ಸಾಕು, ಮಾತಾಡುತ್ತ ನಡೆಯಲು ಬರುವಷ್ಟು ವೇಗದಲ್ಲಿ. ಬೈಠಕ್, ದಂಡ, ಡಂಬೆಲ್ ವಾರಕ್ಕೆ 2-3 ದಿನ, ಸಂಜೆ 5ಕ್ಕೆ. ಮಧ್ಯಾಹ್ನದ ಊಟ ಒಳಗಿರುತ್ತದೆ, ರಾತ್ರಿಯದು ಮುಂದೆ ಕಾದಿರುತ್ತದೆ. ಬೆಳಿಗ್ಗೆಯೇ ಆಗಬೇಕೆಂದರೆ 10ಕ್ಕೆ ಶುರು ಮಾಡಿ 11ಕ್ಕೆ ಊಟಕ್ಕೆ ಕೂಡಿ. 6ಕ್ಕೆ ಭಾರ ಎತ್ತಿ 11ರವರೆಗೆ ಉಪವಾಸ ಇರುವುದು ಒಳ್ಳೆಯ ಜೋಡಣೆಯಲ್ಲ.

ಈಗ ತಾಟು. 60 ಕಿಲೋ ತೂಕದವರಿಗೆ ಕಿಲೋಗೆ 1.2 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 72 ಗ್ರಾಂ ಪ್ರೋಟೀನ್ ಬೇಕು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5 ಗ್ರಾಂ. ಮೂರು ರೊಟ್ಟಿಗೆ 15. 50 ಗ್ರಾಂ ಹೆಸರುಕಾಳಿನ ಪಲ್ಯದಲ್ಲಿ 12, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6, ಎರಡು ಚಮಚೆ ಶೇಂಗಾ ಚಟ್ನಿಯಲ್ಲಿ 5. ಒಂದು ಊಟಕ್ಕೆ ಒಟ್ಟು 38. ರಾತ್ರಿಯೂ ಇದೇ ಊಟ ಮಾಡಿ, ಕಾಳಿನ ಬದಲು 50 ಗ್ರಾಂ ಕಡಲೆಹಿಟ್ಟಿನ ಝುಣಕ ಮಾಡಿದರೂ ದಿನದ ಲೆಕ್ಕ ಮುಟ್ಟುತ್ತದೆ. ಪೌಡರ್ ಡಬ್ಬಿಗೆ ದುಡ್ಡು ಸುರಿಯಬೇಕಿಲ್ಲ. ಶ್ರಾವಣ ಸೋಮವಾರದ ಸಾಬೂದಾಣಿ ಮಾತ್ರ ಈ ಲೆಕ್ಕಕ್ಕೆ ಬರದು. ಅದು ಬಹುಪಾಲು ಪಿಷ್ಟ. ಹಾಲು-ಸಕ್ಕರೆಯ ಚಹಾ ಒಂದು ಗುಟುಕಾದರೂ ಉಪವಾಸ ಮುರಿದಂತೆಯೇ. ಸಕ್ಕರೆಯಿಲ್ಲದ ಕರಿ ಚಹಾ ನಡೆಯುತ್ತದೆ.

ಮೊದಲ ವಾರ 12 ತಾಸು, ಎರಡನೆಯದು 14, ಆಮೇಲೆ 16. ಶುರುವಿನಲ್ಲಿ ತಲೆನೋವು, ಎದ್ದರೆ ಕಣ್ಣು ಕತ್ತಲೆ ಬರುವುದು ಹಸಿವಿನಿಂದಷ್ಟೇ ಅಲ್ಲ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಸೋಡಿಯಂ ಹೆಚ್ಚು ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ರಕ್ತದೊತ್ತಡ ಇಲ್ಲದವರು ನೀರಿಗೆ ಚಿಟಿಕೆ ಉಪ್ಪು ಹಾಕಿಕೊಂಡರೆ ಸರಿಹೋಗುತ್ತದೆ. ಬಿ.ಪಿ. ಗುಳಿಗೆ ನುಂಗುವವರು ಮೊದಲು ಡಾಕ್ಟರನ್ನು ಕೇಳಲಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ತುಂಬದವರು, ಮೊದಲೇ ತೀರಾ ತೆಳ್ಳಗಿರುವವರು ಈ ದಾರಿಗೆ ಬರಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುವ ಮಧುಮೇಹಿಗಳು ಡಾಕ್ಟರನ್ನು ಕೇಳಿ ಡೋಸ್ ಬದಲಿಸಿಕೊಳ್ಳದೆ ಉಪವಾಸದಲ್ಲಿ ನಡೆದರೆ ರಕ್ತದ ಸಕ್ಕರೆ 70 ಮಿ.ಗ್ರಾಂ/ಡೆ.ಲೀ.ಗಿಂತ ಕೆಳಗಿಳಿಯಬಹುದು. ಕೈ ನಡುಗಿ ತಣ್ಣನೆ ಬೆವರು ಬಂದರೆ ಅಲ್ಲೇ ಕುಳಿತು ಮೂರು ಚಮಚೆ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಆ ಸಕ್ಕರೆಯ ಪೊಟ್ಟಣ ಮನೆಯಲ್ಲಲ್ಲ, ಕಿಸೆಯಲ್ಲಿರಬೇಕು.